ಚಪ್ಪರದ ನೆರಳಿಗೆ ನಿಲ್ಲಿಸಿದ ಸ್ಕೂಟರ್

ವಾಡಿ
27 ಜನವರಿ 2025

ಪ್ರೀತಿಯ ಚಿಕ್ಕಮ್ಮ,

ಗಾಡಿ ಬಂತು! ಫೋನಿನಲ್ಲಿ ಕೂಗಿ ಹೇಳುವಂತಿದ್ದರೆ ಶನಿವಾರವೇ ಕೂಗುತ್ತಿದ್ದೆ. ನಿನ್ನ ಕಿವಿ ಕೇಳಿಸದಾಗಿ ಏಳು ವರ್ಷವಾಯಿತು. ಆದರೂ ಖುಷಿಯಾದಾಗ ನನ್ನ ಕೈ ಮೊದಲು ಫೋನಿಗೇ ಹೋಗುತ್ತದೆ, ಆಮೇಲೆ ಕಾಗದಕ್ಕೆ ಬರುತ್ತದೆ. ಮೊಬೈಲಿಗೆ ಬರೆದು ಕಳಿಸಿದರೆ ನೀನು ನೋಡುವವಳಲ್ಲ. ಹಾಗಾಗಿ ಅಂಚೆಯವನನ್ನೇ ನಂಬಿದ್ದೇನೆ.

ನೀಲಿ ಬಣ್ಣದ ಸ್ಕೂಟರ್. ಮೂರು ವರ್ಷ ಸಂಜೆ ಟ್ಯೂಷನ್ ಹೇಳಿ ಕೂಡಿಸಿದ ಹಣದ ಗಾಡಿ. ಇನ್ನು ಮೇಲೆ ಬೆಳಿಗ್ಗೆ ಏಳೂವರೆಗೆ ವಾಡಿ ಸ್ಟ್ಯಾಂಡಿನಲ್ಲಿ ನಿಲ್ಲಬೇಕಿಲ್ಲ, ಚಿತ್ತಾಪುರದ ಬಸ್ಸಿನ ಬಾಗಿಲಿಗೆ ಜೋತು ಬೀಳಬೇಕಿಲ್ಲ, ಸಿಮೆಂಟಿನ ಧೂಳು ಹತ್ತಿದ ಸೀರೆಯಲ್ಲಿ ನನ್ನ ಮೂರನೇ ಕ್ಲಾಸಿನ ಮಕ್ಕಳ ಎದುರು ನಿಂತು ಗುಡ್ ಮಾರ್ನಿಂಗ್ ಹೇಳಿಸಿಕೊಳ್ಳಬೇಕಿಲ್ಲ. ಸುರೇಶಕುಮಾರ್ ಸಿಮೆಂಟ್ ಪ್ಲಾಂಟಿನಿಂದ ಬಂದವನೇ ಗಾಡಿಯ ಸುತ್ತ ಎರಡು ಸುತ್ತು ಹಾಕಿ, "ಟೀಚರಮ್ಮಾರ, ಹಿಂದಿನ ಸೀಟಿಗಿ ಟಿಕೀಟ ಎಷ್ಟರಿ?" ಎಂದ. ಗಂಡನಿಗೆ ರಿಯಾಯಿತಿ ಇಲ್ಲ ಎಂದೆ.

ನಲವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ಗಾಡಿಗೆ ಇಷ್ಟು ಸಂತೋಷಪಡುವುದು ಸರಿಯೇ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಹೊಳೆಯುವ ಮೊದಲೇ ರೈಲ್ವೆ ಗೇಟಿನವರೆಗೆ ಇನ್ನೊಂದು ಸುತ್ತು ಹೋಗಿ ಬಂದೆ!

ಬರುವ ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಸುಗ್ಗಿ ಹಬ್ಬ. ನಿಮ್ಮ ಚಿಂಚೋಳಿಯಂತೆಯೇ ಇಲ್ಲಿಯೂ ಜನ ಬೆಳೆದದ್ದನ್ನು, ಸಾಕಿದ್ದನ್ನು ತಂದು ಅಂಗಳದ ಚಪ್ಪರದೊಳಗೆ ಇಡುತ್ತಾರೆ. ಒಂದೊಂದಕ್ಕೂ ಚೀಟಿ ಕಟ್ಟಿ, ಆರಾಧನೆಯಾದ ಮೇಲೆ ಹರಾಜು ಹಾಕುತ್ತಾರೆ. ನನ್ನದು ಪ್ರತಿ ವರ್ಷದಂತೆ ಒಂದು ಸಣ್ಣ ಚೀಲ ಜೋಳ. ಅವತ್ತೇ ಗಾಡಿಗೂ ಹೂಮಾಲೆ ಹಾಕಿ ತೆಗೆದುಕೊಂಡು ಹೋಗಿ, ಹೊಸದಾಗಿ ಬಂದಿರುವ ಪಾಸ್ಟರ್ ಅವರಿಂದ ಪ್ರಾರ್ಥನೆ ಮಾಡಿಸುತ್ತೇನೆ. ಮುಂದಿನ ತಿಂಗಳು ನಿನ್ನನ್ನು ಹಿಂದೆ ಕೂರಿಸಿಕೊಂಡು ಚಿಂಚೋಳಿ ಪೇಟೆಯಲ್ಲಿ ಒಂದು ಸುತ್ತು!

ನಿನ್ನ
ಪ್ರಿಸಿಲ್ಲಾ


ಚಿಂಚೋಳಿ
6 ಫೆಬ್ರವರಿ 2025

ನನ್ನ ಪ್ರಿಸಿಲ್ಲಾ,

ಕಳ್ಳಿ! ನಿನ್ನ ಕಾಗದವನ್ನು ಮತ್ತೆ ತೆಗೆದು ಮೂರು ಸಲ ಓದಿದೆ. "ಪ್ರಾರ್ಥನೆ ಮಾಡಿಸುತ್ತೇನೆ" ಎಂದು ಬರೆದು, ಮನಸ್ಸಿನಲ್ಲಿ ಇದ್ದದ್ದನ್ನು ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೀಯಲ್ಲ!

ಮಂಗಳವಾರ ಸೇಡಂನಲ್ಲಿ ಸ್ತ್ರೀಯರ ಕೂಟವಿತ್ತು. ನಾನು ಬಸ್ಸಿಳಿದು ಒಳಗೆ ಕಾಲಿಟ್ಟದ್ದೇ ತಡ, ಹೆಂಗಸರೆಲ್ಲ ಬಂದು ನನ್ನ ಕೈ ಹಿಡಿದರು, ಗಲ್ಲ ಹಿಡಿದರು. ಎಲ್ಲರ ತುಟಿಯೂ ಒಮ್ಮೆಲೇ ಓಡುತ್ತಿದ್ದರೆ ನಾನು ಯಾರದನ್ನು ಓದಲಿ? ಯಾರಿಗೋ ಏನೋ ಕೆಟ್ಟದ್ದಾಗಿದೆ ಎಂದು ಹೆದರಿದೆ. ಕೊನೆಗೆ ನಿಮ್ಮ ವಾಡಿಯ ಎಸ್ತೇರಮ್ಮ ಹಾಡಿನ ಹಾಳೆಯ ಹಿಂದೆ ಬರೆದು ತೋರಿಸಿದಳು: "ನಿಮ್ಮ ಪ್ರಿಸಿಲ್ಲಾ ಹೊಸಾ ಗಾಡಿ ದೇವರಿಗಿ ಕೊಟ್ಟಾಳ!"

ಆಮೇಲೆ ಪೂರ್ತಿ ಕಥೆ ಬರೆಸಿಕೊಂಡೆ. ಹೂಮಾಲೆ ಹಾಕಿದ ಸ್ಕೂಟರನ್ನು ಜೋಳದ ಚೀಲ, ಕುಂಬಳಕಾಯಿಗಳ ನಡುವೆ ನಿಲ್ಲಿಸಿದೆಯಂತೆ. ಮೂವತ್ತೇಳನೇ ಚೀಟಿಯಂತೆ. ಪಾಸ್ಟರ್ ಹೆಸರು ಕೂಗಿದಾಗ ನೀನು ಎದ್ದು ನಿಂತು, ಒಂದು ಮಾತೂ ಆಡದೆ, ಕಣ್ಣೀರು ಸುರಿಸುತ್ತಾ ಮತ್ತೆ ಕುಳಿತೆಯಂತೆ. ಪಾಸ್ಟರ್ ಅದನ್ನು ಹರಾಜಿಗೆ ಬಿಡದೆ, ಹಳ್ಳಿಹಳ್ಳಿ ನಡೆದು ರೋಗಿಗಳ ಗಾಯ ತೊಳೆಯುವ ನಿಮ್ಮ ಸಭೆಯ ಸೇವಕಿ ರಾಹೇಲಮ್ಮನ ಕೈಗೆ ಕೀಲಿ ಕೊಟ್ಟರಂತೆ.

ಮಗಳೇ, ಒಂದು ಮಾತೂ ಆಡಲಿಲ್ಲವಲ್ಲ! ನಾನಾಗಿದ್ದರೆ ದೇವರ ಉಪಕಾರಕ್ಕೆ ಸಾಕ್ಷಿ ಹೇಳುತ್ತಾ ಅರ್ಧ ಗಂಟೆ ನಿಲ್ಲುತ್ತಿದ್ದೆ.

ಪಕ್ಕದ ಮನೆಯ ಸಾಯಿರಾಗೆ ಹೇಳಿದೆ. ಮೊದಲು, "ಖಾಲಾ, ನಿಮ್ಮ ಹುಡುಗಿಗಿ ತಲಿ ಕೆಟ್ಟದೇನು?" ಎಂದಳು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡೂ ಅವಳಿಗೆ ಖರೆಯೇ.

ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ, ಎಷ್ಟೋ ಕೂಸುಗಳನ್ನು ಕೈಯಲ್ಲಿ ಹಿಡಿದೆ. ಆದರೆ ಮಂಗಳವಾರ ಹಿಗ್ಗಿದಷ್ಟು ಎಂದೂ ಹಿಗ್ಗಿಲ್ಲ. ನಿನ್ನನ್ನು ಬೆಳೆಸಿದ್ದು ಸಾರ್ಥಕವಾಯಿತು.

ನಿನ್ನ ಚಿಕ್ಕಮ್ಮ
ಸುಂದರಮ್ಮ


ವಾಡಿ
11 ಫೆಬ್ರವರಿ 2025

ಚಿಕ್ಕಮ್ಮ,

ನಿನ್ನ ಕಾಗದ ಬಂತು. ಜನ ಹೇಳುವಾಗ ಸ್ವಲ್ಪ ಬಣ್ಣ ಹಚ್ಚಿಯೇ ಹೇಳುತ್ತಾರೆ. ಅಷ್ಟು ದೊಡ್ಡದೇನೂ ನಡೆಯಲಿಲ್ಲ. ನಾನು ಮಾತಾಡಲಿಲ್ಲ ಎಂಬುದು ಮಾತ್ರ ನಿಜ.

ರಾಹೇಲಮ್ಮ ಗಾಡಿ ಕಲಿಯುತ್ತಿದ್ದಾಳೆ. ರೈಲ್ವೆ ಮೈದಾನದಲ್ಲಿ ಸುತ್ತು ಹಾಕುವಾಗ ಎರಡು ಕಾಲನ್ನೂ ನೆಲದ ಮೇಲೆ ಎಳೆಯುತ್ತಾಳೆ. ಅದರ ಬಲಗಡೆ ಆಗಲೇ ಒಂದು ಗೀರು ಬಿದ್ದಿದೆ.

ಚಿತ್ತಾಪುರದ ಬಸ್ಸು ಇವತ್ತು ಇಪ್ಪತ್ತು ನಿಮಿಷ ತಡ. ಮೂರನೇ ಕ್ಲಾಸಿನ ವರ್ಕ್‌ಬುಕ್ ತಿದ್ದುವುದು ಬಹಳ ಉಳಿದಿದೆ, ಹೆಚ್ಚು ಬರೆಯಲಾರೆ. ನಿನ್ನ ಮೊಣಕಾಲು ನೋವು ಹೇಗಿದೆ?

ಪ್ರಿಸಿಲ್ಲಾ


ಚಿಂಚೋಳಿ
17 ಫೆಬ್ರವರಿ 2025

ನನ್ನ ಮಗಳೇ,

ನಿನ್ನ ಸಣ್ಣ ಕಾಗದ ನನ್ನನ್ನು ಇನ್ನೂ ಸಣ್ಣವಳನ್ನಾಗಿ ಮಾಡಿತು. ಅಷ್ಟು ದೊಡ್ಡದನ್ನು ಕೊಟ್ಟು "ದೊಡ್ಡದೇನೂ ನಡೆಯಲಿಲ್ಲ" ಎನ್ನುತ್ತೀಯ. ಮೊಣಕಾಲು ಹಾಗೇ ಇದೆ. ಆದರೆ ಉಳಿದ ನಾನು ಓಡುತ್ತಿದ್ದೇನೆ! ಯಾಕೆ ಎಂದು ಕೇಳು.

ತಾಂಡಾದ ಹುಡುಗಿಯರು ಎಂಟನೇ ತರಗತಿಗೆ ಚಿಂಚೋಳಿಗೆ ಬರುತ್ತಾರೆ. ಸಂಜೆ ಬಸ್ಸು ತಪ್ಪಿದರೆ ಮನೆಯಲ್ಲಿ ರಂಪ. ಎರಡು ಸಲ ತಪ್ಪಿದರೆ ಶಾಲೆಯೇ ಬಂದ್. ಇಲ್ಲಿಯೇ ಉಳಿಯಲು ಅವರಿಗೊಂದು ಜಾಗ ಬೇಕು ಎಂದು ನಮ್ಮ ಸಭೆಯವರು ನಾಲ್ಕು ವರ್ಷದಿಂದ ಬರೀ ಪ್ರಾರ್ಥನೆ ಮಾಡುತ್ತಿದ್ದಾರೆ. ನಾನೂ ಮಾಡುತ್ತಿದ್ದೆ, ನನ್ನದೇ ಮನೆಯಲ್ಲಿ ಕುಳಿತು. ಅದು ಎಷ್ಟು ನಗೆಪಾಟಲು ಎಂದು ನನಗೆ ಹೊಳೆಯಲು ನೀನು ಬೇಕಾಯಿತು.

ಮನೆಯನ್ನು ಸಭೆಗೆ ಕೊಡುತ್ತಿದ್ದೇನೆ. ಎರಡೇ ಕೋಣೆ; ಆರು ಹುಡುಗಿಯರು ಬಂದರೆ ನನಗೆ ಜಾಗ ಉಳಿಯುವುದಿಲ್ಲ. ಇದೇ 28, ಶುಕ್ರವಾರ, ರಿಜಿಸ್ಟರ್ ಆಫೀಸಿನಲ್ಲಿ ದಾನಪತ್ರಕ್ಕೆ ಸಹಿ. ದಸ್ತಾವೇಜು ಬರೆಯುವ ಮತೀನನಿಗೆ ಕಾಗದಪತ್ರ ಕೊಟ್ಟು ಬಂದೆ. "ಅಮ್ಮಾ, ನೀವು ಎಲ್ಲಿ ಇರ್ತೀರಿ?" ಎಂದು ಅವನು ಬರೆದು ಕೇಳಿದ. ದೇವರು ನೋಡಿಕೊಳ್ಳುತ್ತಾನೆ ಎಂದೆ. ನಿನಗೂ ಯಾರೂ ಭರವಸೆ ಬರೆದುಕೊಟ್ಟಿರಲಿಲ್ಲವಲ್ಲ! ನಿನ್ನ ತಲೆಯ ಮೇಲೆ ಬಂದು ಕೂರುವುದಿಲ್ಲ, ಹೆದರಬೇಡ.

ಹದಿನೆಂಟರ ವಯಸ್ಸಿನವಳಂತೆ ಅನ್ನಿಸುತ್ತಿದೆ, ಪ್ರಿಸೀ. ಪಾತ್ರೆಗಳನ್ನು ಆಗಲೇ ಹಂಚತೊಡಗಿದ್ದೇನೆ.

ನಿನ್ನ
ಸುಂದರ ಚಿಕ್ಕಮ್ಮ


ವಾಡಿ
21 ಫೆಬ್ರವರಿ 2025

ಚಿಕ್ಕಮ್ಮ,

ಸಹಿ ಹಾಕಬೇಡ. ಇದನ್ನು ಕುಳಿತುಕೊಂಡು, ಕೊನೆಯವರೆಗೆ ಓದು.

ನಾನು ಗಾಡಿ ಕೊಡಲಿಲ್ಲ.

ಆ ಭಾನುವಾರ ತಡವಾಗಿ ಹೋದೆ. ಅಂಗಳದ ತುಂಬ ಬಿಸಿಲು. ಹೊಸ ಸೀಟಿನ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿರಲಿಲ್ಲ, ಬಿಸಿಲಿಗೆ ಅಂಟಿಕೊಳ್ಳುತ್ತದೆ ಎಂದು ಗಾಡಿಯನ್ನು ಚಪ್ಪರದ ನೆರಳಿಗೆ ತಳ್ಳಿ ನಿಲ್ಲಿಸಿದೆ. ಪಕ್ಕದಲ್ಲಿ ತೊಗರಿಯ ಚೀಲ, ಕುಂಬಳಕಾಯಿ, ಕಾಲು ಕಟ್ಟಿದ ಎರಡು ಕೋಳಿ. ಮೊದಲ ಗಂಟೆ ಹೊಡೆದಾಗ ಚಪ್ಪರದೊಳಗೆ ಏನಿದೆಯೋ ಅದೆಲ್ಲ ಕಾಣಿಕೆ. ಈ ಪದ್ಧತಿ ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಆ ಹೊತ್ತಿಗೆ ಸೀಟು ಬಿಟ್ಟು ಬೇರೇನೂ ನನ್ನ ತಲೆಯಲ್ಲಿ ಇರಲಿಲ್ಲ. ಚೀಟಿ ಕಟ್ಟುತ್ತಿದ್ದ ದಾನಿಯೇಲಪ್ಪನವರು ಹೂಮಾಲೆ ನೋಡಿದರು, ಕಟ್ಟಿದರು. ಅವರನ್ನು ಹೇಗೆ ತಪ್ಪೆನ್ನಲಿ?

ಪಾಸ್ಟರ್ ಚೀಟಿ ಓದುತ್ತಾ ಬಂದವರು ಒಮ್ಮೆಲೇ ನಿಂತರು. "ಮೂವತ್ತೇಳು... ಹೊಸಾ ಸ್ಕೂಟರ್! ನಮ್ಮ ಪ್ರಿಸಿಲ್ಲಾ ಟೀಚರ್ ಅವರಿಂದ!" ಇಲ್ಲ ಎನ್ನಲೆಂದೇ ನಾನು ಎದ್ದೆ. ಎದ್ದದ್ದನ್ನು ನೋಡಿ ಚಪ್ಪಾಳೆ ಇನ್ನೂ ಜೋರಾಯಿತು. ಎಸ್ತೇರಮ್ಮ ತಬ್ಬಿಕೊಂಡು, "ನಮ್ಮವ್ವಾ, ನಿನ್ನ ಹೊಟ್ಟಿ ತಣ್ಣಗಿರ್ಲಿ" ಎಂದು ಅಳತೊಡಗಿದಳು. ರಾಹೇಲಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆ ಮುಖ ನೋಡಿ ನಾನು ಕುಳಿತುಬಿಟ್ಟೆ. ಕಣ್ಣೀರು ಬಂದದ್ದು ಖರೆ, ಚಿಕ್ಕಮ್ಮ. ಅದು ಗಾಡಿಗಾಗಿ.

ಸುರೇಶನಿಗೆ ಅವತ್ತು ಶಿಫ್ಟ್, ಸಭೆಗೆ ಬಂದಿರಲಿಲ್ಲ. ಮನೆಗೆ ನಡೆದು ಹೋಗಿ, ಅವನು ಬಂದ ಮೇಲೆ ಆದದ್ದನ್ನು ಹೇಳಿದೆ. ಕೆಮ್ಮು ಬರುವವರೆಗೆ ನಕ್ಕ. "ದೇವರ ಬಲ್ಲಿ ಲೈಸನ್ಸ್ ಅದ ಏನು, ಕೇಳಿದ್ಯಾ?" ಎಂದ. ಆಮೇಲೆ ನಗು ನಿಲ್ಲಿಸಿ, "ಈಗೇ ಹೋಗಿ ಹೇಳು. ನಾಳಿಗಿ ಇನ್ನಾ ಕಷ್ಟ ಆಗ್ತದ" ಎಂದ. ಹೋಗಲಿಲ್ಲ. ಅವನು ಹೇಳಿದ್ದೇ ಆಯಿತು.

ಇದಕ್ಕಿಂತ ಕೆಟ್ಟದ್ದನ್ನೂ ಹೇಳುತ್ತೇನೆ. ಒಂದು ವಾರದಲ್ಲಿ ಆ ಹೆಸರು ನನಗೆ ರುಚಿಸತೊಡಗಿತು. ಬಸ್ಸಿನಲ್ಲಿ ಜನ ಎದ್ದು ಜಾಗ ಕೊಟ್ಟರು, ಕುಳಿತೆ. ನಿನ್ನ ಹಿಗ್ಗಿನ ಕಾಗದ ಬಂತು, ಅದಕ್ಕೂ ಅರ್ಧ ಸತ್ಯದ ಉತ್ತರ ಬರೆದೆ. ನಿನ್ನ ಮನೆಯ ಸುದ್ದಿ ಓದಿದಾಗ ನನ್ನ ಮೊದಲ ಯೋಚನೆ ನಿನ್ನದಲ್ಲ, ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿನದು. ಎರಡನೆಯದು, ನನ್ನ ಸುಳ್ಳಿನ ಮೇಲೆ ಕಾಲಿಟ್ಟು ನೀನು ಬೀದಿಗೆ ಇಳಿಯುತ್ತಿದ್ದೀ ಎಂಬುದು.

ನಾನು ಕೊಡುವವಳಲ್ಲ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂಬತ್ತು ವರ್ಷದವಳಿದ್ದಾಗ ನನ್ನ ಹೊಸ ಶಾಲೆ ಬೂಟನ್ನು ನೀನು ಬೇರೆ ಹುಡುಗಿಗೆ ಕೊಟ್ಟೆ. ಅವಳ ಕಾಲು ಸುಟ್ಟಿತ್ತು, ಬರಿಗಾಲಲ್ಲಿ ಬರುತ್ತಿದ್ದಳು, ಎಲ್ಲ ಸರಿ. ಆದರೆ ಅಂದಿನಿಂದ ನಾನು ನನ್ನ ವಸ್ತುಗಳನ್ನು ನಿನ್ನ ಕಣ್ಣಿಗೆ ಬೀಳದಂತೆ ಇಡುವುದನ್ನು ಕಲಿತೆ. ದೇವರ ಕಣ್ಣಿಗೂ ಬೀಳದಂತೆ ಇಟ್ಟೆನೇನೋ.

ನಾನೇ ಬಂದು ಹೇಳಬಹುದಿತ್ತು. ನಿನ್ನ ಮುಖ ನೋಡುವ ಧೈರ್ಯವಿಲ್ಲ. ಸಾಯಿರಾಗೆ ಫೋನ್ ಮಾಡಿ ಅವಳಿಂದ ಹೇಳಿಸೋಣವೆಂದರೆ, ಅವಳು ನಿನಗೆ ಕೂಗಿ ಹೇಳುವ ಹೊತ್ತಿಗೆ ಚಿಂಚೋಳಿಗೆಲ್ಲ ಕೇಳುತ್ತದೆ. ಪತ್ರ ಓದುವವರೆಗೆ ಸಹಿ ಬೇಡ ಎಂದಷ್ಟೇ ಹೇಳಿಸುತ್ತೇನೆ. ಅಂಚೆಗೆ ಹಾಕಿದರೆ ತಡವಾದೀತು. ನಾಳೆ ಸೇಡಂಗೆ ಹೋಗಿ ಚಿಂಚೋಳಿ ಬಸ್ಸಿನ ಕಂಡಕ್ಟರ್ ಗುಲಾಮ್ ರಸೂಲ್ ಕೈಗೆ ಕೊಡುತ್ತೇನೆ.

ಪ್ರಿಸಿಲ್ಲಾ


ವಾಡಿ
3 ಮಾರ್ಚ್ 2025

ಚಿಕ್ಕಮ್ಮ,

ನಿನ್ನಿಂದ ಉತ್ತರವಿಲ್ಲ. ಕಾಗದ ಕೈ ಸೇರಿದೆ ಎಂದೂ, ಶುಕ್ರವಾರ ನೀನು ಸಹಿಗೆ ಹೋಗಲಿಲ್ಲ ಎಂದೂ ಸಾಯಿರಾ ಫೋನಿನಲ್ಲಿ ಹೇಳಿದಳು. "ಖಾಲಾ ಯಾರ ಕೂಡಾನೂ ಮಾತಾಡ್ಲಿಕತ್ತಿಲ್ಲ, ನೀ ಏನ್ ಬರದಿ?" ಎಂದು ಬೈದಳು. ಬೈಸಿಕೊಂಡೆ.

ನೀನು ಬರೆಯದಿದ್ದರೂ ನಾನು ಬರೆಯಲೇಬೇಕು. ನಿನ್ನೆ ನಡೆದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ!

ಆರಾಧನೆ ಮುಗಿಯುವ ಮೊದಲು ಎದ್ದು, ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ಬಿಸಿಲು, ಪ್ಲಾಸ್ಟಿಕ್ ಸೀಟು, ಚಪ್ಪರದ ನೆರಳು, ಚಪ್ಪಾಳೆ, ಬಸ್ಸಿನಲ್ಲಿ ಸಿಕ್ಕ ಜಾಗ. ದೇವರ ಮುಂದೆ ಸುಳ್ಳು ಹೇಳಿದವರು ಅಲ್ಲಿಯೇ ಬಿದ್ದು ಸತ್ತರು ಎಂದು ಸಂಡೇ ಸ್ಕೂಲಿನಲ್ಲಿ ನೀನೇ ಕಲಿಸಿದ್ದೆಯಲ್ಲ. ಬೀಳಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ಮೂಗಿನಲ್ಲಿ ನಕ್ಕರು. ಅಷ್ಟೇ, ಇಡೀ ಸಭೆ ನಗತೊಡಗಿತು. ಗೇಲಿಯ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗು.

ಎಸ್ತೇರಮ್ಮ ಎದ್ದು ನಿಂತಳು. "ಪಾಸ್ಟರ್ ಸಾಹೇಬ್ರ, ನಂದೂ ಕೇಳ್ರಿ. ಹೋದ ವರ್ಷ ನನ್ನ ಕೆಂಪು ಹುಂಜ ತಾನಾ ನಡಕೊಂತ ಚಪ್ಪರದಾಗ ಹೋಗಿ ಕುಂತಿತ್ತು. ಇದಾ ದಾನಿಯೇಲಪ್ಪ ಹಿಡದು ಚೀಟಿ ಕಟ್ಟಿದ! ಎಲ್ಲಾರೂ ಶಾಬಾಸ್ ಅಂದ್ರು ಅಂತ ಬಾಯಿ ಮುಚ್ಚಿಕೊಂಡೆ. ಈಗ್ಲೂ ಅದರ ನೆನಪ ಆಗ್ತದ."

ದಾನಿಯೇಲಪ್ಪನವರು ಬಿಟ್ಟಾರೆಯೇ? "ಹುಂಜದ ಮಾತು ಇರ್ಲಿ. ನಾ ಕೊಟ್ಟ ಜ್ವಾಳಕ್ಕ ಅರ್ಧ ನುಸಿ ಹತ್ತಿತ್ತು. ಮ್ಯಾಲ ಛಲೋದು ಹಾಕಿದ್ದೆ. ಅದನ್ನ ಲಿಲಾವದಾಗ ತಗೊಂಡಾಂವ ಇಲ್ಲೇ ಕುಂತಾನ, ಮಾಫ್ ಮಾಡಪ್ಪ." ತೆಗೆದುಕೊಂಡವನು ಕುಳಿತಲ್ಲಿಂದಲೇ, "ಮಾಫ್ ಇಲ್ಲ, ಮಾವ, ಇನ್ನೊಂದು ಚೀಲ ಕೊಡ್ರಿ!" ಎಂದ.

ಕೊನೆಗೆ ಪಾಸ್ಟರ್ ಅವರೇ ಕನ್ನಡಕ ತೆಗೆದು ಹೇಳಿದರು: "ಇದು ನನಗ ಇಲ್ಲಿ ಮೊದಲನೇ ಸುಗ್ಗಿ. ಟೀಚರ್ ಮುಖ ನೋಡಿದಾಗ ಏನೋ ತಪ್ಪಾಗ್ಯದ ಅಂತ ಅನ್ನಿಸಿತ್ತು. ಒಂದು ಮಾತು ಕೇಳಬೇಕಿತ್ತು. ನನ್ನ ಮೊದಲನೇ ಸುಗ್ಗಿಗೇ ಇಂಥಾ ಕಾಣಿಕೆ ಬಂತು ಅನ್ನೋ ಆಸೆಗೆ ಕೇಳಲಿಲ್ಲ."

ರಾಹೇಲಮ್ಮ ಮಾತ್ರ ನಗಲಿಲ್ಲ. ಬಂದು ನನ್ನ ಕೈಯಲ್ಲಿ ಕೀಲಿ ಇಟ್ಟಳು. "ಗೀರು ನಂದರಿ ಟೀಚರ್, ಸುಳ್ಳು ಹೇಳಂಗಿಲ್ಲ" ಎಂದಳು. ಬೇಡವೆಂದರೂ ಕೇಳಲಿಲ್ಲ. "ಕೊಡಲಾರದ್ದು ನಾ ಹ್ಯಾಂಗ ಇಟಗೊಳ್ಳಲಿ?" ಎಂದಳು.

ಗಾಡಿ ಈಗ ಮನೆ ಮುಂದೆ ನಿಂತಿದೆ. ಇವತ್ತು ಅದರ ಮೇಲೆಯೇ ಶಾಲೆಗೆ ಹೋದೆ. ಎದೆಯ ಮೇಲಿನ ಕಲ್ಲು ಇಳಿದಂತಿದೆ. ನಿನ್ನದೊಂದು ಸಾಲು ಬಂದರೆ ಪೂರ್ತಿ ಇಳಿಯುತ್ತದೆ. ಬೈಗಳಾದರೂ ಸರಿ.

ಪ್ರಿಸಿಲ್ಲಾ


ಚಿಂಚೋಳಿ
10 ಮಾರ್ಚ್ 2025

ಪ್ರಿಸಿಲ್ಲಾ,

ಗುಲಾಮ್ ರಸೂಲ್ ತಂದುಕೊಟ್ಟ ಕಾಗದವನ್ನು ಓದಿ ಒಲೆಗೆ ಹಾಕಲು ಹೋಗಿದ್ದೆ. ಸಾಯಿರಾ ಕಿತ್ತುಕೊಂಡಳು. ನಾಲ್ಕು ದಿನ ನಿನ್ನ ಮೇಲೆ ಸಿಟ್ಟು. ಸೇಡಂನ ಹೆಂಗಸರಿಗೆ ಇನ್ನು ಹೇಗೆ ಮುಖ ತೋರಿಸಲಿ ಎಂಬುದೇ ಚಿಂತೆ. ಐದನೇ ದಿನ ಅಕ್ಕಿ ಆರಿಸುವಾಗ ಆ ಚಿಂತೆಯನ್ನೇ ತಿರುಗಿಸಿ ನೋಡಿದೆ. ಹೋಗಬೇಕಾದದ್ದು ನಿನ್ನ ಮಾನ, ನನ್ನದೇಕೆ ಹೋಗುತ್ತಿದೆ?

ಆಗ ಕಂಡದ್ದನ್ನು ಬರೆಯುತ್ತೇನೆ. ಅರವತ್ತೆಂಟು ವರ್ಷದವಳಿಗೆ ಇದು ಸುಲಭವಲ್ಲ. ಅವತ್ತು ಹೆಂಗಸರು ನನ್ನ ಕೈ ಹಿಡಿದಾಗ ಹಿಗ್ಗಿದೆ ಎಂದೆನಲ್ಲ, ಆ ಹಿಗ್ಗಿನ ಕೆಳಗೆ ಒಂದು ಸಣ್ಣ ಮುಳ್ಳಿತ್ತು. ಈ ಸುತ್ತಮುತ್ತಲಲ್ಲಿ ಕೈಯೆತ್ತಿ ಕೊಡುವವಳೆಂದರೆ ಸುಂದರಮ್ಮ. ಇಷ್ಟು ವರ್ಷ ಆ ಹೆಸರು ನನ್ನದಾಗಿತ್ತು. ನಿನ್ನ ಗಾಡಿ ಒಂದೇ ದಿನದಲ್ಲಿ ಅದನ್ನು ದಾಟಿಹೋಯಿತು. ಮನೆಗಿಂತ ಚಿಕ್ಕದನ್ನು ಕೊಟ್ಟು ನಿನ್ನನ್ನು ಮುಟ್ಟುವಂತಿರಲಿಲ್ಲ. ತಾಂಡಾದ ಹುಡುಗಿಯರು ನಾಲ್ಕು ವರ್ಷದಿಂದ ನನ್ನ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದಾರೆ. ನನಗೆ ಅವರು ಕಂಡದ್ದು ನೀನು ಮುಂದೆ ಹೋದ ಮೇಲೆ.

ನೀನು ಕೊಡದೆ ಹೆಸರು ಪಡೆದೆ. ನಾನು ಹೆಸರಿಗಾಗಿ ಕೊಡಹೊರಟಿದ್ದೆ. ಯಾರು ಯಾರನ್ನು ಬೈಯಬೇಕು?

ಇನ್ನು ನಿನ್ನ ಬೂಟು. ಮೂವತ್ತೈದು ವರ್ಷ ಅದನ್ನು ನನ್ನ ದಾನವೆಂದೇ ತಿಳಿದಿದ್ದೆ. ಎರಡು ಸಲ ಸಾಕ್ಷಿಯಲ್ಲಿಯೂ ಹೇಳಿದ್ದೇನೆ. ಅದು ನನ್ನ ಬೂಟೇ? ನಿನ್ನನ್ನು ಕರೆದು, ಆ ಹುಡುಗಿಯ ಕಾಲು ತೋರಿಸಿ, ಏನು ಮಾಡೋಣ ಎಂದು ಕೇಳಿದ್ದರೆ ನೀನು ಕೊಡುತ್ತಿದ್ದೆಯೋ ಏನೋ. ಕೇಳಲಿಲ್ಲ. ಕಿತ್ತು ಕೊಟ್ಟೆ. ಕ್ಷಮಿಸು, ಮಗಳೇ.

ಹಾಗಾಗಿ ಗಾಡಿಯ ವಿಷಯಕ್ಕೆ ನಾನು ಬಾಯಿ ಹಾಕುವುದಿಲ್ಲ. ಕೀಲಿ ನಿನ್ನದು. ಮನೆಯ ವಿಷಯವನ್ನು ಯಾರಿಗೂ ಹೇಳದೆ ಪ್ರಾರ್ಥನೆಯಲ್ಲಿ ಇಟ್ಟಿದ್ದೇನೆ. ಹೆಸರಿನ ಆಸೆ ಬತ್ತಿದ ಮೇಲೆ ಏನು ಉಳಿಯುತ್ತದೋ ನೋಡುತ್ತೇನೆ.

ಕೆಂಪು ಹುಂಜದ ಕಥೆಗೆ ಎಷ್ಟು ನಕ್ಕೆನೆಂದರೆ, ಸಾಯಿರಾ ಓಡಿಬಂದಳು.

ಚಿಕ್ಕಮ್ಮ


ವಾಡಿ
19 ಮಾರ್ಚ್ 2025

ನನ್ನ ಚಿಕ್ಕಮ್ಮ,

ನಿನ್ನ ಕಾಗದವನ್ನು ಶಾಲೆಯ ಸ್ಟಾಫ್‌ರೂಮಿನಲ್ಲಿ ಓದಿ ಅತ್ತೆ. ಯಾರೋ ತೀರಿಕೊಂಡರೆಂದು ಹೆಡ್‌ಮಿಸ್ ಒಂದು ಗಂಟೆ ರಜೆ ಕೊಟ್ಟರು. ಬೂಟಿನ ಮಾತಿಗೆ ಏನೆಂದು ಬರೆಯಲಿ? ಇಷ್ಟು ವರ್ಷ ಹೊತ್ತದ್ದು ಒಂದು ಜೊತೆ ಬೂಟಿನ ಭಾರವಾಗಿತ್ತೇ ಎಂದು ಆಶ್ಚರ್ಯವಾಗುತ್ತಿದೆ.

ಈಗ ಸುದ್ದಿ. ಎರಡು ವಾರ ಗಾಡಿ ಓಡಿಸಿದೆ. ಬೆಳಗಿನ ಗಾಳಿ, ಬೇಕಾದಲ್ಲಿ ನಿಲ್ಲುವ ಸುಖ, ಏನು ಹೇಳಲಿ! ಫೆಬ್ರವರಿಯಲ್ಲಿ ನನ್ನಿಂದ ಹೋದದ್ದು ಒಂದು ವಸ್ತು ಮಾತ್ರ. ಅದರ ರುಚಿ ನನಗೆ ಆಗ ಗೊತ್ತೇ ಇರಲಿಲ್ಲ.

ಮೊನ್ನೆ ಭಾನುವಾರ ಮಧ್ಯಾಹ್ನ ಶಹಾಬಾದ್ ರಸ್ತೆಯಲ್ಲಿ ರಾಹೇಲಮ್ಮ ಕಂಡಳು. ಔಷಧದ ಚೀಲ ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ನಡೆಯುತ್ತಿದ್ದಳು. ಕಲ್ಲಿನ ಗಣಿಗಳ ಕಡೆ ಬಸ್ಸು ನಿಲ್ಲುವುದಿಲ್ಲ. ಹತ್ತಿಸಿಕೊಂಡೆ. ದಾರಿಯ ಎರಡೂ ಕಡೆ ನಿಲ್ಲಿಸಿಟ್ಟ, ನೆಲಕ್ಕೆ ಹಾಸುವ ಪರಸಿ ಕಲ್ಲುಗಳು ಕಾದು ಉರಿಯುತ್ತಿದ್ದವು. ಅಲ್ಲಿ ಒಂದು ತಗಡಿನ ಮನೆ. ಖಾಜಾಮಿಯಾ ಎಂಬ ಗಣಿ ಕೆಲಸಗಾರ. ಮೇಲಿಂದ ಜಾರಿದ ಕಲ್ಲು ಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿದಿದೆ. ರಾಹೇಲಮ್ಮ ಪಟ್ಟಿ ಬಿಚ್ಚಿದಾಗ ನಾನು ಮುಖ ತಿರುಗಿಸಿದೆ. ಅವಳು ತಿರುಗಿಸಲಿಲ್ಲ.

"ಎರಡು ದಿನಕ್ಕೊಮ್ಮಿ ತೊಳೀಬೇಕು ಇದು. ಎಂಟು ದಿನ ಆಯ್ತಲ್ಲವ್ವಾ, ಎಲ್ಲಿ ಹೋಗಿದ್ದಿ?" ಎಂದು ಅವನ ಹೆಂಡತಿ ಕೇಳಿದಳು. "ಗಾಡಿ ಇದ್ದಾಗ ದಿನಾ ಬರ್ತಿದ್ದಿ."

ರಾಹೇಲಮ್ಮ ನನ್ನತ್ತ ನೋಡಲೂ ಇಲ್ಲ. "ಬಿಸಲು ಭಾಳ ಆಗ್ಯದರಿ, ಅದಕ್ಕ" ಎಂದಳು.

ಹೊರಗೆ ಬಂದು ಗಾಡಿಯ ಪಕ್ಕ ನಿಂತೆ. ಚಪ್ಪಾಳೆ ಇಲ್ಲ, ಪಾಸ್ಟರ್ ಇಲ್ಲ. ನಾಳೆ ಬೆಳಿಗ್ಗೆ ಏಳೂವರೆಯ ಬಸ್ಸು ಇದೆ. ಮತ್ತೊಂದು ಗಾಡಿ ಯಾವಾಗ ಆದೀತೋ ಗೊತ್ತಿಲ್ಲ. ಎಲ್ಲವನ್ನೂ ನನ್ನ ರೂಢಿಯಂತೆ ಎರಡೆರಡು ಸಲ ತೂಗಿದೆ. ಆದರೂ ಕೈ ತಾನಾಗಿ ಮುಂದೆ ಹೋಯಿತು.

ಕೀಲಿ ನೋಡಿ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಈ ಸಲ ಖರೇ ಏನ್ರಿ ಟೀಚರ್? ಮತ್ತ ಹದಿನೈದು ದಿನಕ್ಕ ಎದ್ದು ನಿಂತು ಅಲ್ಲ ಅಂದ್ರ ನಾ ಸತ್ತೇ ಹೋಗ್ತೀನಿ. ಬರದು ಕೊಡ್ರಿ!"

ಬರೆದುಕೊಟ್ಟೆ! ಅವಳ ಔಷಧದ ಡಬ್ಬಿಯ ಮೇಲಿನ ಕಾಗದದಲ್ಲಿ, ತಾರೀಖು ಹಾಕಿ, ಸಹಿ ಮಾಡಿ. ಸಾಕ್ಷಿಗೆ ಖಾಜಾಮಿಯಾನ ಹೆಂಡತಿಯ ಹೆಬ್ಬೆಟ್ಟು. ನಾವು ಮೂವರೂ ಆ ಬಿಸಿಲಲ್ಲಿ ಹುಚ್ಚರಂತೆ ನಕ್ಕೆವು. ಒಳಗಿನಿಂದ ಅವನು, "ಏನಾತು? ನನಗೂ ಹೇಳ್ರಲ್ಲ!" ಎಂದು ಕೂಗುತ್ತಿದ್ದ. ಚಿಕ್ಕಮ್ಮ, ಇಂಥ ಸಂತೋಷವೂ ಇದೆ ಎಂದು ನೀನು ಸಾವಿರ ಸಲ ಹೇಳಿದ್ದೆ. ನಾನು ನಂಬಿರಲಿಲ್ಲ.

ಸುರೇಶ ಕೇಳಿದ ಒಂದೇ ಪ್ರಶ್ನೆ: "ಎರಡನೇ ಸಲಾನಾ?" ಆಮೇಲೆ ಟೇಪು ಹಿಡಿದು ಅಡುಗೆಮನೆಯ ಗೋಡೆ ಅಳೆದ. ನಿನ್ನ ಮಂಚವನ್ನು ಗೋಡೆಗೆ ಒತ್ತಿ ಹಾಕಿದರೆ ಹಿಡಿಯುತ್ತದೆ. ನೀನು ಮನೆ ಕೊಡು, ಕೊಡದಿರು, ಈ ಜಾಗ ನಿನ್ನದು. ಇದನ್ನು ಮೊದಲೇ ಬರೆಯಬೇಕಿತ್ತು.

ನಿನ್ನ
ಪ್ರಿಸಿಲ್ಲಾ


ಚಿಂಚೋಳಿ
27 ಮಾರ್ಚ್ 2025

ನನ್ನ ಮಗಳೇ,

ಸಹಿ ಹಾಕಿದೆ! ನಿನ್ನೆ, ಬುಧವಾರ, ಹನ್ನೆರಡು ಗಂಟೆಗೆ.

ಸಭೆಯ ಇಬ್ಬರು ಹಿರಿಯರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಸೇಡಂನವರಿಗೆ ಇವತ್ತಿಗೂ ಗೊತ್ತಿಲ್ಲ. ನಿನ್ನ ಕಾಗದ ಓದಿದಾಗ ನಿನ್ನನ್ನು ಮೀರಿಸಬೇಕು ಎನ್ನಿಸುತ್ತದೆಯೋ ಎಂದು ಕಾದು ನೋಡಿದೆ. ಅನ್ನಿಸಲಿಲ್ಲ. ಖಾಜಾಮಿಯಾನ ಕಾಲಿನದೇ ಯೋಚನೆ ಬಂತು. ಸೋಮವಾರ ಸಂಜೆ ಬಸ್ಸು ತಪ್ಪಿದ ಒಬ್ಬ ಹುಡುಗಿ ನನ್ನ ಕಟ್ಟೆಯ ಮೇಲೆ ಕುಳಿತು ಲೆಕ್ಕ ಮಾಡುತ್ತಿದ್ದಳು. ಒಳಗೆ ಕರೆದು ರೊಟ್ಟಿ ಕೊಟ್ಟೆ. ಅವಳು ಚಾಪೆ ಎಲ್ಲಿದೆ ಎಂದು ತಾನೇ ನೋಡಿ, ಹಾಸಿಕೊಂಡು, ಪುಸ್ತಕ ತೆರೆದಳು. ಆಗಲೇ ನನಗೆ ಮನೆ ಕೈ ಬಿಟ್ಟದ್ದು ತಿಳಿಯಿತು. ಸಹಿ ಮಾತ್ರ ಉಳಿದಿತ್ತು.

ರಂಜಾನಿನ ರೋಜಾ ಉಪವಾಸವಿದ್ದರೂ ಸಾಯಿರಾ ಆ ಬಿಸಿಲಲ್ಲಿ ನನ್ನ ಜೊತೆ ಬಂದಳು. ಅಧಿಕಾರಿ ಒಳ್ಳೆಯ ಮನುಷ್ಯ. ನನಗೆ ಕೇಳಿಸುವುದಿಲ್ಲ ಎಂದು ಮತೀನ ಹೇಳಿದ್ದಕ್ಕೆ, ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದರು. "ಯಾರದಾದರೂ ಒತ್ತಾಯ ಇದೆಯೇ?" ಪೆನ್ನು ತೆಗೆದುಕೊಂಡು "ಇಲ್ಲ" ಎಂದು ಬರೆದೆ. ಫೆಬ್ರವರಿಯಲ್ಲಿ ಕೇಳಿದ್ದರೆ ಆ ಪದ ಸುಳ್ಳಾಗುತ್ತಿತ್ತು.

ಆಮೇಲೆ ಅವರು ಇನ್ನೊಂದು ಬರೆದರು: "ಇನ್ನು ಮುಂದೆ ಎಲ್ಲಿ ವಾಸ?" ನಿನ್ನ ಅಡುಗೆಮನೆಯ ಗೋಡೆ ನೆನಪಾಯಿತು. "ವಾಡಿ" ಎಂದು ಬರೆಯಲು "ವಾ" ಬರೆದಿದ್ದೆ, ಅಷ್ಟೇ. ಮತೀನ ಅದನ್ನು ಓದಿ ಹೇಳಿದ್ದೇ ತಡ, ಸಾಯಿರಾ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಅವಳಿಗೆ ಕನ್ನಡ ಓದಲು, ಬರೆಯಲು ಬಾರದು. ನನ್ನ "ವಾ" ಮೇಲೆ ಗೀಟು ಎಳೆದು, ಅದರ ಕೆಳಗೆ ಉರ್ದುವಿನಲ್ಲಿ ಒಂದು ಸಾಲು ಗೀಚಿ ಕಾಗದವನ್ನು ಅಧಿಕಾರಿಯತ್ತ ತಳ್ಳಿದಳು. ಅವರಿಗೆ ಉರ್ದು ಬಾರದು. ನನಗೂ ಬಾರದು. ಆಫೀಸಿನವರೆಲ್ಲ ಎದ್ದು ನೋಡುತ್ತಿದ್ದರು. ಮತೀನ ಅದನ್ನೂ ಓದಿ, ಕನ್ನಡದಲ್ಲಿ ಬರೆದು ನನ್ನ ಮುಂದೆ ಇಟ್ಟ.

"ನಮ್ಮ ಮನ್ಯಾಗ. ನಾನಿರೂತನಕ."

ಅವಳ ಮುಖ ನೋಡಿದೆ. ಸಿಟ್ಟಿನಿಂದ ಕೆಂಪಾಗಿತ್ತು. ತುಟಿ ಓದಿದೆ: "ವಾಡಿಗ್ಯಾಕ ಹೋಗ್ತಿ? ಇಪ್ಪತ್ತು ವರ್ಷ ಗ್ವಾಡಿ ಆ ಕಡೀಂದ ನಿನ್ನ ಹಾಡು ಕೇಳೀನಿ, ಇನ್ನ ಮ್ಯಾಲ ಈ ಕಡೀಂದ ಹಾಡು!"

ನನ್ನ ದನಿ ಎಷ್ಟು ದೊಡ್ಡದೆಂದು ನನಗೆ ಗೊತ್ತಾಗುವುದಿಲ್ಲ. ನಾನು "ದೇವರಿಗೆ ಸ್ತೋತ್ರ!" ಎಂದದ್ದಕ್ಕೆ ಹೊರಗೆ ಬಾಂಡ್ ಪೇಪರ್ ಮಾರುವವನು ಎದ್ದು ನಿಂತನಂತೆ.

ಸುರೇಶನಿಗೆ ಹೇಳು, ಬೇಸರ ಬೇಡ. ಆ ಗೋಡೆಗೆ ಒತ್ತಿ ಒಂದು ಚಾಪೆ ಇರಲಿ, ತಿಂಗಳಿಗೆ ನಾಲ್ಕು ದಿನ ಬರುತ್ತೇನೆ. ಹುಡುಗಿಯರು ಜೂನ್‌ನಲ್ಲಿ ಬರುತ್ತಾರೆ. ಅದಕ್ಕೆ ಮೊದಲು ಸುಣ್ಣ ಹೊಡೆಸಬೇಕು. ಈದ್ ಮುಗಿದ ಮೇಲೆ, ಏಪ್ರಿಲ್ ಐದು ಶನಿವಾರ, ನನ್ನ ಮಂಚ, ಟ್ರಂಕು, ಎರಡು ಕೊಡ ಸಾಯಿರಾಳ ಮನೆಗೆ ಸಾಗಿಸುವುದಿದೆ. ಅಷ್ಟೇ ಉಳಿದಿದೆ, ಆದರೂ ನನ್ನ ಮೊಣಕಾಲು ನಂಬುವಂಥದ್ದಲ್ಲ.

ನೀನು ಬಾ. ಬಸ್ಸಿಗೇ ಬರಬೇಕಲ್ಲ, ಬೇಗ ಹೊರಡು.

ಚಿಕ್ಕಮ್ಮ